ಚುಟ್ಟಿ ಯಾವುದು, ನಾಯ್ಸ್ ಯಾವುದು

ಸ್ಟುಡಿಯೋಗೆ ಸೇರಿದ ಮೊದಲ ವಾರವೇ ಯಜಮಾನ್ರು ಹೇಳಿದ ಮಾತು, ಐಎಸ್‌ಒ 800 ದಾಟಿಸ್ಬೇಡ, ಫೋಟೋ ಹಾಳಾಗ್ತದೆ. ಐಎಸ್‌ಒ ಅಂದ್ರೆ ಕ್ಯಾಮೆರಾದ ಒಂದು ಸೆಟ್ಟಿಂಗ್, ನಂಬರ್ ಏರಿಸಿದಷ್ಟೂ ಫೋಟೋ ಬೆಳಗ್ತದೆ, ಜೊತೆಗೆ ನಾಯ್ಸ್, ಅಂದ್ರೆ ಕಾಳುಕಾಳು ಚುಕ್ಕಿ, ಬರ್ತದೆ ಅಂತ ಅವ್ರ ಹೆದರಿಕೆ. ಅವ್ರು ರೀಲ್ ಕಾಲದವರು, 400ರ ಫಿಲ್ಮ್ ಹಾಕಿ ಮದುವೆ ತೆಗೆದವರು, ಅವ್ರಿಗೆ 800 ಅಂದ್ರೇ ಜಾಸ್ತಿ. ನಾನೂ ತಲೆಯಾಡಿಸಿದೆ. ಕೈಗೆ ಕೊಟ್ಟದ್ದು ಕ್ಯಾನನ್ 5ಡಿ ಮಾರ್ಕ್ 2, 2008ರ ಮಾಡೆಲ್, ನನ್ನ ಕೈಗೆ ಬರುವಾಗ ಅದು ಮೂರನೇ ಮನೆ ಕಂಡಿತ್ತು.

ಸ್ವಲ್ಪ ದಿನಕ್ಕೆ ಒಂದು ಹರಕೆ ಆಟದ, ಅಂದ್ರೆ ಹರಕೆ ತೀರಿಸ್ಲಿಕ್ಕೆ ಆಡಿಸುವ ಯಕ್ಷಗಾನದ, ಆರ್ಡರ್ ಬಂತು. ತೆಂಕುತಿಟ್ಟು, ಅಂದ್ರೆ ದಕ್ಷಿಣದ ಕಡೆಯ ಶೈಲಿ, ಗದ್ದೆಯಲ್ಲಿ ರಂಗಸ್ಥಳ, ಮನೆಯವರಿಗೆ ಆಲ್ಬಮ್ ಬೇಕು. ಫ್ಲಾಶ್ ಹಾಕುವ ಹಾಗಿಲ್ಲ, ವೇಷದವರ ಕಣ್ಣಿಗೆ ಹೊಡೀತದೆ, ಅದೂ ಅಲ್ದೆ ಮುಖವರ್ಣಿಕೆ ಎಲ್ಲ ಚಪ್ಪಟೆ ಆಗಿ ಕೂತುಬಿಡ್ತದೆ. ಲೆನ್ಸ್ 70-200, ಎಫ್ 2.8ರಿಂದ ಕೆಳಗೆ ಹೋಗ್ಲಿಕ್ಕೆ ಜಾಗ ಇಲ್ಲ, ಅದಕ್ಕಿಂತ ಹೆಚ್ಚು ಬೆಳಕು ಅದು ಬಿಡುವುದಿಲ್ಲ, ಧೀಂಗಿಣ ಹೊಡೆಯುವವನನ್ನು, ಅಂದ್ರೆ ಗಿರಗಿರ ತಿರುಗಿ ಹಾರುವವನನ್ನು, ಫೋಟೋದಲ್ಲಿ ಅಲುಗದ ಹಾಗೆ ನಿಲ್ಲಿಸ್ಬೇಕಾದ್ರೆ ಶಟರ್ 1/320 ಸೆಕೆಂಡ್ ಆದ್ರೂ ಬೇಕು, ಐಎಸ್‌ಒ ಮಾತ್ರ ಯಜಮಾನ್ರ 800. ಪ್ರಿವ್ಯೂ ನೋಡಿದ್ರೆ ಅಮಾವಾಸ್ಯೆ. ಪರ್ವಾಗಿಲ್ಲ, ರಾ ಫೈಲ್, ಅಂದ್ರೆ ಸೆನ್ಸರಿನ ಹಸಿ ಫೈಲ್, ಉಂಟಲ್ಲ, ಮನೆಗೆ ಹೋಗಿ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮಲ್ಲಿ ಏಳಿಸ್ತೇನೆ ಅಂತ ನನ್ನ ಲೆಕ್ಕಾಚಾರ.

ಏಳಿಸಿದೆ, ಮೂರು ಸ್ಟಾಪ್, ಒಂದೊಂದು ಸ್ಟಾಪಿಗೆ ಬೆಳಕು ಎರಡು ಪಟ್ಟು. ಹಿಂದಿನ ಕಪ್ಪು ಪರದೆ ತುಂಬ ನೇರಳೆ ಹಸಿರು ಚುಕ್ಕಿ, ಅದರ ಮೇಲೆ ಗೆರೆಗೆರೆ, ಹಳೇ ಟೀವಿಯಲ್ಲಿ ಸಿಗ್ನಲ್ ಹೋದಾಗ ಬರ್ತಿತ್ತಲ್ಲ ಹಾಗೆ. ಹೆದರಿ ನಾಯ್ಸ್ ರಿಡಕ್ಷನ್‌ನ ಲ್ಯೂಮಿನೆನ್ಸ್ ಸ್ಲೈಡರ್, ಅಂದ್ರೆ ಕಾಳು ನುಣುಪು ಮಾಡುವ ಪಟ್ಟಿ, ಎಳೆದೆ, 30, 50, 70... ಚುಕ್ಕಿ ಎಲ್ಲ ಮಾಯ, ಮುಖ ಬೆಣ್ಣೆ ಹಚ್ಚಿದ ಹಾಗೆ ನುಣುಪು. ನನಗೇ ಖುಷಿ ಆಯ್ತು, ಆಲ್ಬಮ್ ಪ್ರಿಂಟಿಗೂ ಹೋಯ್ತು.

ಆಲ್ಬಮ್ ತಕೊಂಡು ಹೋದ ದಿನ ಆ ಮನೆಯ ಅಜ್ಜ ಕನ್ನಡಕ ಹಾಕಿ ಒಂದೊಂದೇ ಪುಟ ನೋಡಿದ್ರು, ಬಣ್ಣದ ವೇಷದ ಫೋಟೋ ಬಂದಾಗ ನಿಂತ್ರು. "ಇದೆಂತ, ಇವನಿಗೆ ಚುಟ್ಟಿಯೇ ಇಟ್ಟಿಲ್ವಾ?"

ಗೊತ್ತಿಲ್ಲದವರಿಗೆ ಹೇಳ್ತೇನೆ, ಚುಟ್ಟಿ ಅಂದ್ರೆ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಇಡುವ ಬಿಳಿ ಚುಕ್ಕಿ, ರಾಕ್ಷಸ ವೇಷಕ್ಕೆ ಆ ರೌದ್ರ ಬರುವುದೇ ಅದರಿಂದ. ವೇಷಧಾರಿ ಚೌಕಿಯಲ್ಲಿ, ಅಂದ್ರೆ ಬಣ್ಣ ಹಚ್ಚುವ ಜಾಗದಲ್ಲಿ, ಕೂತು ಗಂಟೆಗಟ್ಟಲೆ ಇಟ್ಟದ್ದನ್ನು ನಾನು ಒಂದು ಸ್ಲೈಡರಲ್ಲಿ ಒರೆಸಿ ಹಾಕಿದ್ದೆ. ಸಾಫ್ಟ್‌ವೇರಿಗೆ ಎಂತ ಗೊತ್ತು, ಅದಕ್ಕೆ ಸಣ್ಣ ಬಿಳಿ ಚುಕ್ಕಿ ಅಂದ್ರೆ ನಾಯ್ಸ್. ಅಜ್ಜನಿಗೆ ಎಂತ ಹೇಳ್ಬೇಕು ಅಂತ ಗೊತ್ತಾಗದೆ ಕೊಟ್ಟ ಕಾಫಿ ಕುಡಿದು ಬಂದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಕ್ಯಾಮೆರಾದವರಿಂದ ಅಲ್ಲ, ಮೈಕ್ ಸೆಟ್ಟಿನವನಿಂದ. ಇನ್ನೊಂದು ಆಟದಲ್ಲಿ ಅವನ ಮಿಕ್ಸರ್ ಪಕ್ಕ ಕೂತು ನನ್ನ ಗೋಳು ಹೇಳ್ತಾ ಇದ್ದೆ, ಅವ ನಕ್ಕ. ಪದ್ಯ ಹೇಳುವ ಭಾಗವತರ ಮೈಕಿನ ಗೇನ್, ಅಂದ್ರೆ ಸಿಗ್ನಲ್ಲಿನ ಮೊದಲ ಏರಿಕೆ, ಇಲ್ಲಿ ಕಮ್ಮಿ ಇಟ್ಟು ಆಮೇಲೆ ಅಲ್ಲಿ ಆಂಪ್ಲಿಫೈಯರ್ ಜೋರು ಮಾಡಿದ್ರೆ ಪದ್ಯದ ಜೊತೆಗೆ ನಡುವೆ ಸೇರಿದ ಸುಯ್ಯ್ ಶಬ್ದವೂ ಜೋರಾಗ್ತದೆ ಮಾರಾಯ, ಗೇನ್ ಮೊದಲೇ ಸರಿ ಇಡ್ಬೇಕು ಅಂದ. ಅಷ್ಟೇ. ನಾನು ಮಾಡಿದ್ದೂ ಅದೇ ತಪ್ಪು. ಕ್ಯಾಮೆರಾದಲ್ಲಿ ಐಎಸ್‌ಒ ಅಂದ್ರೆ ಹೆಚ್ಚುಕಮ್ಮಿ ಆ ಗೇನ್, ಸೆನ್ಸರಿನ ಸಿಗ್ನಲ್ ಡಿಜಿಟಲ್ ಆಗುವ ಮೊದಲು ಅದನ್ನು ಏರಿಸ್ತದೆ. 800ರಲ್ಲಿ ತೆಗೆದು ಕಂಪ್ಯೂಟರಲ್ಲಿ ಮೂರು ಸ್ಟಾಪ್ ಏರಿಸಿದ್ರೆ ಆ ನಂತರ ಸರ್ಕ್ಯೂಟಲ್ಲಿ ಸೇರಿದ ಗಲೀಜನ್ನೂ ಎಂಟು ಪಟ್ಟು ಮಾಡಿದ ಹಾಗೆ. ಅದೇ ಕ್ಯಾಮೆರಾದಲ್ಲಿ 6400 ಇಟ್ಟು ತೆಗೆದೆ, ಅದು ಅದರ ನಾರ್ಮಲ್ ರೇಂಜಿನ ಕೊನೆಯ ಮೆಟ್ಟಿಲು, ಕಾಳುಕಾಳು ಬಂತು ಹೌದು, ಆದ್ರೆ ಆ ಗೆರೆಗಳು ಮುಕ್ಕಾಲು ಪಾಲು ಹೋದವು, ಚುಟ್ಟಿ ಚುಟ್ಟಿಯ ಹಾಗೇ ಕಾಣ್ತಿತ್ತು.

ಹಾಗಂತ 6400ರಲ್ಲಿ ಬರುವ ಕಾಳು ಐಎಸ್‌ಒ ಮಾಡಿದ್ದೂ ಅಲ್ಲ, ಅದು ಬೆಳಕಿನ ಬರಗಾಲ. ಮೊದಲ ಮಳೆಗೆ ಅಂಗಳ ನೋಡಿ, ನಾಲ್ಕು ಹನಿ ಬಿದ್ದಾಗ ಒಂದು ಕಡೆ ಒದ್ದೆ ಒಂದು ಕಡೆ ಒಣ, ಜೋರು ಹೊಡೆದ ಮೇಲೆ ಎಲ್ಲ ಒಂದೇ ಸಮ. ಬೆಳಕೂ ಹನಿಹನಿಯೇ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಹನಿ ಬಿದ್ರೆ ಏರುಪೇರು 10ರಷ್ಟು, ಅಂದ್ರೆ ನೂರಕ್ಕೆ ಹತ್ತು, ಅದೇ 10,000 ಬಿದ್ರೆ ಏರುಪೇರು 100, ನೂರಕ್ಕೆ ಒಂದೇ. ಅದಕ್ಕೆ ನಾನೀಗ ಐಎಸ್‌ಒ ಮುಟ್ಟುವ ಮೊದಲು ಶಟರ್ ನೋಡ್ತೇನೆ. ಭಾಗವತರು ಕೂತಲ್ಲೇ ಇರ್ತಾರೆ, ಅವ್ರಿಗೆ 1/80 ಧಾರಾಳ ಸಾಕು, ಅರ್ಥ ಹೇಳ್ತಾ ನಿಂತ ವೇಷಕ್ಕೆ 1/125, ಕುಣಿತಕ್ಕೆ ಮಾತ್ರ 1/320. ಮೊದಲು ರಾತ್ರಿಯಿಡೀ ಒಂದೇ ಶಟರ್ ಇಟ್ಟು ಎರಡು ಸ್ಟಾಪ್ ಬೆಳಕು ಸುಮ್ಮನೆ ಚೆಲ್ಲಿದ್ದೆ.

ಇನ್ನೊಂದು ತೊಂದರೆ ಕಿರೀಟ. ಐಎಸ್‌ಒ ಏರಿಸಿದಷ್ಟೂ ಬಿಳಿ ಸುಡುವುದು, ಅಂದ್ರೆ ವಿವರ ಹೋಗಿ ಬರೀ ಬಿಳಿ ಆಗುವುದು, ಬೇಗ, ಬೇಗಡೆಯ ಹೊಳಪು ಒಮ್ಮೆ ಸುಟ್ರೆ ಮತ್ತೆ ಬರುವುದಿಲ್ಲ. ಅದಕ್ಕೆ ಮುಖ ಸರಿ ಬರುವಷ್ಟು ಇಟ್ಟು ಕಿರೀಟದಲ್ಲಿ ಅಲ್ಲಲ್ಲಿ ಸುಟ್ರೆ ಬಿಡ್ತೇನೆ. ಆದ್ರೆ ಮಹಿಷಾಸುರ ದೊಂದಿ ಹಿಡಿದು ಜನರ ಮಧ್ಯದಿಂದ ಬರುವಾಗ ಈ ಲೆಕ್ಕ ಎಲ್ಲ ಢಮಾರ್, ರಾಳ ಎರಚಿದ ಕ್ಷಣ ಬೆಂಕಿ ಭಗ್ ಅಂತ ಏಳ್ತದೆ, ಆಗ 1600ಕ್ಕೆ ಇಳಿಸಿ ಆ ಬೆಂಕಿಯ ಬೆಳಕಲ್ಲೇ ತೆಗೀಬೇಕು, ಸುತ್ತ ಕಪ್ಪಾದ್ರೆ ಆಗ್ಲಿ, ಆ ಕಪ್ಪನ್ನು ಏಳಿಸ್ಲಿಕ್ಕೆ ಹೋಗ್ಬೇಡಿ.

ಅಡ್ಡಪಟ್ಟಿ ಕಂಡದ್ದೆಲ್ಲ ನಾಯ್ಸ್ ಅಲ್ಲ ಅಂತಲೂ ಗೊತ್ತಿರ್ಲಿ, ಕೆಲವು ಅಗ್ಗದ ಎಲ್‌ಇಡಿ ಲೈಟು ಸೆಕೆಂಡಿಗೆ 100 ಸಲ ಮಿಣಮಿಣ ಅಂತದೆ, ಅದಕ್ಕೆ ಶಟರ್ 1/100 ಅಥವಾ 1/50ಕ್ಕೆ ಇಳಿಸಿದ್ರೆ ಹೋಗ್ತದೆ, ನಾಯ್ಸ್ ಸ್ಲೈಡರ್ ಎಷ್ಟು ಎಳೆದ್ರೂ ಹೋಗುವುದಿಲ್ಲ.

ಎಡಿಟಿಂಗಲ್ಲಿ ಈಗ ಕಲರ್ ನಾಯ್ಸ್ 25, ಅದು ಲೈಟ್‌ರೂಮೇ ರಾ ಫೈಲಿಗೆ ಹಾಕಿ ಕೊಡ್ತದೆ, ಲ್ಯೂಮಿನೆನ್ಸ್ ಮಾತ್ರ 15-20 ದಾಟಿಸುವುದಿಲ್ಲ. ಬಣ್ಣದ ಚುಕ್ಕಿ ಕಣ್ಣಿಗೆ ಚುಚ್ತದೆ, ಬರೀ ಕಾಳು ಚುಚ್ಚುವುದಿಲ್ಲ. ಲೈಟ್‌ರೂಮಿಗೆ 2023ರಲ್ಲಿ ಬಂದ ಎಐ ಡಿನಾಯ್ಸ್ ಚುಟ್ಟಿಯನ್ನು ಎಷ್ಟೋ ಚೆನ್ನಾಗಿ ಉಳಿಸ್ತದೆ, ಸುಳ್ಳು ಹೇಳ್ಬಾರ್ದು, ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಒಂದು ಫೋಟೋ ಮುಗಿಯುವಾಗ ಒಂದು ಚಾ ಕುಡಿದು ಬರ್ಬಹುದು, ಅದೂ ಅಲ್ದೆ ಹಿಂದೆ ಕೂತ ಜನರ ಮುಖ ಕೆಲವೊಮ್ಮೆ ಮೇಣದ ಗೊಂಬೆ ಆಗ್ತದೆ. ಆಲ್ಬಮ್ಮಿನ ದೊಡ್ಡ ಹತ್ತು ಫೋಟೋಗೆ ಮಾತ್ರ ಹಾಕ್ತೇನೆ. ಉಳಿದದ್ದು ಪ್ರಿಂಟಲ್ಲಿ ಕಾಣುವುದೇ ಇಲ್ಲ, 100 ಪರ್ಸೆಂಟ್ ಝೂಮ್ ಮಾಡಿ ನೋಡುವ ಚಟ ನಮಗೆ ಮಾತ್ರ ಇರುವುದು, ಗಿರಾಕಿಗೆ ಇಲ್ಲ.

ಯಜಮಾನ್ರಿಗೆ ಬಾಯಲ್ಲಿ ಹೇಳಿ ಅರ್ಥ ಆಗ್ಲಿಲ್ಲ, 800ರದ್ದು ಏಳಿಸಿದ್ದು ಒಂದು, 6400ರದ್ದು ಒಂದು, ಎರಡನ್ನೂ ಪ್ರಿಂಟ್ ಹಾಕಿ ಟೇಬಲ್ ಮೇಲಿಟ್ಟೆ. ಎರಡನೇದನ್ನು ಎತ್ತಿಕೊಂಡು "ಇದು 800 ಅಲ್ವಾ" ಅಂದ್ರು. ನಾನು ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ. ಆಮೇಲೆ ಯಾವತ್ತೂ ಐಎಸ್‌ಒ ಕೇಳ್ಲಿಲ್ಲ.

ಈ ಸಲ ಪತ್ತನಾಜೆಗೆ, ಅಂದ್ರೆ ಆಟದ ಸೀಸನ್ ಮುಗಿಯುವ ದಿನಕ್ಕೆ, ಮೊದಲಿನ ಕೊನೆಯ ಆಟದಲ್ಲಿ ಮೈಕಿನವ ಪುನಃ ಸಿಕ್ಕಿದ, ನಂದೊಂದು ತೆಗಿ ಮಾರಾಯ ಅಂದ. ಮಿಕ್ಸರಿನ ಸಣ್ಣ ಲೈಟು ಬಿಟ್ರೆ ಅಲ್ಲಿ ಬೆಳಕೇ ಇಲ್ಲ. 12800 ಹಾಕಿ ತೆಗೆದೆ, ಕಾಳು ಅಂದ್ರೆ ರಾಗಿ ಚೆಲ್ಲಿದ ಹಾಗೆ. ಈಗ ಅವನ ವಾಟ್ಸಾಪ್ ಡಿಪಿ ಅದೇ.