ಊಟ ಆದ್ಮೇಲೆ ಹಲ್ಲು ನೋಡ್ಕೋ

ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ತೋಳು ಹೊಲಿದವಳು ನಾನು. ಶರ್ಟಿಗೆ ತೋಳು ಕೂರಿಸುವುದಷ್ಟೇ ಕೆಲಸ, ಗಂಟೆಗೆ ಇಷ್ಟು ಅಂತ ಟಾರ್ಗೆಟ್. 2016ರಲ್ಲಿ ಪಿಎಫ್ ದುಡ್ಡಿಗಾಗಿ ಗಾರ್ಮೆಂಟ್ಸ್ ಹೆಂಗಸರೆಲ್ಲ ಹೊಸೂರು ರಸ್ತೆಗೆ ಇಳಿದರಲ್ಲ, ಆ ವರ್ಷ ಸೇರಿದ್ದು. ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಪಕ್ಕದ ಮನೆ ಹುಡುಗಿ ಹೇಳಿದಳು ಅಂತ ಜಿಡಿಎ ಕೋರ್ಸ್ ಮಾಡಿದೆ. ಜನರಲ್ ಡ್ಯೂಟಿ ಅಸಿಸ್ಟೆಂಟ್. ಅರಸೀಕೆರೆ ಕಡೆ ನಮ್ಮೂರಲ್ಲಿ ಅಮ್ಮ ‘ಮಗಳು ನರ್ಸ್ ಆಗ್ತಾವ್ಳೆ’ ಅಂತ ಸಿಕ್ಕಿದವರಿಗೆಲ್ಲ ಹೇಳಿದ್ದಳು. ನರ್ಸ್ ಅಲ್ಲ ಕಣಮ್ಮ, ನಾನು ಇಂಜೆಕ್ಷನ್ ಕೊಡೋ ಹಂಗಿಲ್ಲ, ಡ್ರಿಪ್ ಮುಟ್ಟೋ ಹಂಗಿಲ್ಲ ಅಂದರೆ, ‘ಮತ್ತೆ ಏನ್ ಮಾಡ್ತೀಯೆ?’ ಅಂದಳು. ಏನು ಹೇಳಬೇಕೋ ತೋಚದೆ ಫೋನ್ ಇಟ್ಟಿದ್ದೆ.

ಕೋರ್ಸಿನಲ್ಲಿ ಎಲ್ಲ ಸಲೀಸಾಗಿತ್ತು. ಮಂಚದ ಮೇಲೆ ಒಂದು ರಬ್ಬರ್ ಗೊಂಬೆ. ಮಗ್ಗುಲು ತಿರುಗಿಸಿದರೆ ತಿರುಗುತ್ತಿತ್ತು, ಸ್ಪಂಜ್ ಬಾತ್ ಮಾಡಿಸಿದರೆ ತೆಪ್ಪಗೆ ಬಿದ್ದಿರುತ್ತಿತ್ತು. ಗೊಂಬೆ ಬೇಜಾರಾದಾಗ ನಮ್ಮಲ್ಲೇ ಒಬ್ಬಳು ಪೇಷಂಟ್ ಆಗಿ ಮಲಗುತ್ತಿದ್ದಳು. ಎತ್ತುವಾಗ ಅವಳೇ ಮೆಲ್ಲಗೆ ಕಾಲು ಊರಿ ಸಹಾಯ ಮಾಡುತ್ತಿದ್ದಳು. ಮೇಡಂ ನೋಡಿ ‘ವೆರಿಗುಡ್’ ಅನ್ನುತ್ತಿದ್ದರು. ಆ ವೆರಿಗುಡ್ ನಂಬಿಕೊಂಡು ಬಸವನಗುಡಿಯ ಆ ಮನೆಗೆ ಹೋದೆ.

ಅಜ್ಜಿಗೆ ಎಂಬತ್ತೆರಡು. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವು. ಬಾಯಿ ಎಡಕ್ಕೆ ಚೂರು ಜೋತಿತ್ತು. ಆದರೆ ಮಾತು ಚೆನ್ನಾಗಿತ್ತು, ಜಾಸ್ತಿಯೇ ಚೆನ್ನಾಗಿತ್ತು. ಹಳೆ ಸಿಸ್ಟರ್ ಊರಿಗೆ ಹೊರಟಿದ್ದರು, ಒಂಬತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಬಸ್ಸು. ಎಂಟು ಗಂಟೆಗೆ ನಾನು ಹೋದ ಕೂಡಲೇ ಚೀಲ ಭುಜಕ್ಕೆ ಹಾಕಿಕೊಂಡೇ ಹೇಳಲು ಶುರುಮಾಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಇಲ್ಲಾಂದ್ರೆ ಸೊಂಟದ ಹತ್ತಿರ ಹುಣ್ಣಾಗತ್ತೆ. ಏರ್ ಬೆಡ್ ಇದೆ ಅಂತ ಬಿಡಬೇಡ. ತುತ್ತು ಬಲಗಡೆ ಇಡು. ನುಂಗಿದ್ರಾ ಅಂತ ಎಡಗೆನ್ನೆ ಒಳಗೆ ನೋಡು, ಅಲ್ಲೇ ಅನ್ನ ಕೂತಿರತ್ತೆ. ಉಣಿಸಿದ ಮೇಲೆ ಅರ್ಧ ಗಂಟೆ ಕೂರಿಸೇ ಇರು. ಡೈಪರ್ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕು, ಇಲ್ಲಾಂದ್ರೆ ಕಸದವರು ಬೈತಾರೆ. ಊಟ ಆದ್ಮೇಲೆ ಹಲ್ಲು ನೋಡ್ಕೋ.

ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೊನೆಯದನ್ನೂ ಬರೆದೆ. ಬಾಯಿ ತೊಳೆಸಬೇಕು ಅಂತ ಅರ್ಥಮಾಡಿಕೊಂಡೆ.

ಮೊದಲ ಡೈಪರ್ ಬದಲಿಸಿದಾಗ ಎರಡು ಮಾಸ್ಕ್ ಹಾಕಿಕೊಂಡಿದ್ದೆ. ಆದರೂ ಮುಗಿಸಿದ ಕೂಡಲೇ ಬಚ್ಚಲಿಗೆ ಓಡಿ ನಲ್ಲಿ ಜೋರಾಗಿ ಬಿಟ್ಟು ಓಕರಿಸಿದೆ. ಸದ್ದು ಕೇಳಬಾರದು ಅಂತ ನಲ್ಲಿ ಬಿಟ್ಟಿದ್ದು. ವಾಪಸ್ ಬಂದಾಗ ಅಜ್ಜಿ ಗೋಡೆ ಕಡೆ ಮುಖ ಮಾಡಿದ್ದರು. ಬಲಗೈಯಲ್ಲಿ ಹೊದಿಕೆಯನ್ನು ಕತ್ತಿನ ತನಕ ಎಳೆದುಕೊಂಡಿದ್ದರು. ಕೇಳಿಸಿತ್ತು ಅಂತ ಆಗಲೇ ಗೊತ್ತಾಯಿತು.

ಆಮೇಲೆ ನೈಟಿ. ತೊಡಿಸುವಾಗ ಸ್ವಾಧೀನ ಇಲ್ಲದ ಕೈ ಮೊದಲು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು, ಪೂರ್ತಿ ಮಾರ್ಕ್ಸು. ಅಲ್ಲಿ ಮಾತ್ರ ನನ್ನ ಕೈ ತಾನಾಗಿ ಬಲಗೈಗೆ ಹೋಯಿತು. ಬಲತೋಳು, ತಲೆ ಎರಡೂ ಒಳಗೆ ಹೋದ ಮೇಲೆ ಎಡಗೈ ಮಡಿಚಿಕೊಂಡು ಎದೆಗೆ ಅಂಟಿ ಕೂತಿತ್ತು. ಎಳೆದರೆ ಬರಲಿಲ್ಲ, ಬಗ್ಗಿಸಲು ಭಯ. ಸ್ಟ್ರೋಕ್ ಆದ ಭುಜವನ್ನು ಎಳೆಯಬಾರದು, ಕೀಲು ಜಾರತ್ತೆ ಅಂತ ಮೇಡಂ ಹತ್ತು ಸಲ ಹೇಳಿದ್ದರು. ನಾನು ನೈಟಿ ಹಿಡಿದು ಹಾಗೇ ನಿಂತೆ.

‘ಏ ಹುಡುಗಿ, ನಿಂಗೆ ಬಟ್ಟೆ ಹಾಕಕ್ಕೆ ಬರಲ್ವಾ?’ ಬಟ್ಟೆಯೊಳಗಿಂದಲೇ ಅಜ್ಜಿ ಕೇಳಿದರು.

‘ಹೊಲಿಯಕ್ಕೆ ಬರತ್ತೆ ಅಜ್ಜಿ.’ ಬಾಯಿತಪ್ಪಿ ಬಂದುಬಿಟ್ಟಿತು.

‘ಹೊಲಿದಿದ್ದು ಸಾಕು, ಬಿಚ್ಚು. ಎಡಗಡೆಯಿಂದ ಬಾ.’

ಎಲ್ಲ ಬಿಚ್ಚಿ ಮತ್ತೆ ಶುರುಮಾಡಿದೆ. ಈ ಸಲ ತೋಳಿನೊಳಗೆ ನನ್ನ ಕೈಯನ್ನೇ ತೂರಿಸಿ ಆಚೆಯಿಂದ ಅವರ ಅಂಗೈ ಹಿಡಿದುಕೊಂಡೆ. ಬೆರಳುಗಳು ತಣ್ಣಗಿದ್ದವು, ಮುಷ್ಟಿ ಬಿಗಿದಿತ್ತು. ಒಂದೊಂದೇ ಬೆರಳು ಬಿಡಿಸುತ್ತಾ ನೈಟಿಯನ್ನು ನನ್ನ ಕೈಮೇಲಿಂದ ಅವರ ಕೈಮೇಲಕ್ಕೆ ಜಾರಿಸಿದೆ. ಒಂದು ತೋಳಿಗೆ ಹತ್ತು ನಿಮಿಷ ಹಿಡಿಯಿತು. ನಮ್ಮ ಲೈನ್ ಸೂಪರ್‌ವೈಸರ್ ನೋಡಿದ್ದರೆ ಅಲ್ಲೇ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದ.

ಮಧ್ಯಾಹ್ನ ಮೆತ್ತಗಿನ ಅನ್ನ, ತಿಳಿಸಾರು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಚಿಕ್ಕ ಚಮಚದಲ್ಲಿ ಬಲಗಡೆಗೆ ಕೊಟ್ಟೆ. ಒಮ್ಮೆಯೂ ಕೆಮ್ಮಲಿಲ್ಲ. ಎಡಗೆನ್ನೆ ನೋಡಿದೆ. ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಅರ್ಧ ಗಂಟೆ ಕೂರಿಸಿದೆ. ಡೈಪರ್ ಬದಲಿಸಿ, ಗ್ಲೌಸು, ಮೇಜಿನ ಮೇಲಿದ್ದ ಟಿಶ್ಯೂ ಎಲ್ಲ ಸೇರಿಸಿ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿದೆ. ಪರವಾಗಿಲ್ಲ, ಕೈ ಕುದುರುತ್ತಿದೆ ಅನ್ನಿಸಿತು.

ಮೂರೂವರೆಗೆ ಸೊಸೆ ಅಕ್ಕ ಕಾಫಿ, ಒಂದು ರಸ್ಕ್ ತಂದರು. ಆ ಮನೆಯಲ್ಲಿ ಅಜ್ಜಿಯ ಮುಂದೆಯೇ ‘ಅಮ್ಮ ಇವತ್ತು ತಿಂದ್ರಾ, ಅಮ್ಮಂಗೆ ಮೋಷನ್ ಆಯ್ತಾ’ ಅಂತ ನನ್ನನ್ನು ಕೇಳುತ್ತಿದ್ದರು. ಅಮ್ಮ ಅಲ್ಲೇ ಕೂತಿದ್ದಾರೆ, ಅವರನ್ನೇ ಕೇಳಬಹುದಲ್ವಾ ಅಂತ ನನಗೆ. ಹೊಸಬಳು, ಸುಮ್ಮನಿದ್ದೆ. ಅಷ್ಟರಲ್ಲಿ ಅಜ್ಜಿ ಕೈ ಮುಂದೆ ಚಾಚಿದರು.

‘ಹಲ್ಲು ಕೊಡು.’

‘ಯಾವ ಹಲ್ಲು ಅಜ್ಜಿ?’

‘ನಂದು. ಕೆಳಗಿನ ಸೆಟ್. ಊಟ ಆದ್ಮೇಲೆ ತೆಗೆದು ಇಟ್ಟಿದ್ನಲ್ಲ, ಕಾಗದದಲ್ಲಿ ಸುತ್ತಿ.’

ಮುಕ್ಕಳಿಸಿದ ಬೋಗುಣಿ ಚೆಲ್ಲಲು ನಾನು ಬಚ್ಚಲಿಗೆ ಹೋಗಿದ್ದೆನಲ್ಲ, ಆಗ. ಕೆಳಗಿನ ಸೆಟ್ ಒತ್ತುತ್ತದೆ ಅಂತ ದಿನಾ ತೆಗೆದು ಟಿಶ್ಯೂನಲ್ಲಿ ಸುತ್ತಿ ಮೇಜಿನ ತುದಿಗೆ ಇಡುತ್ತಾರಂತೆ. ಹಳೆ ಸಿಸ್ಟರ್ ಅದನ್ನು ನೀರಿನ ಬಟ್ಟಲಿಗೆ ಹಾಕುತ್ತಿದ್ದರಂತೆ. ಊಟ ಆದ್ಮೇಲೆ ಹಲ್ಲು ನೋಡ್ಕೋ.

ಪುಣ್ಯಕ್ಕೆ ಕಸದ ಗಾಡಿ ಬರುವುದು ಬೆಳಿಗ್ಗೆ. ಹಿತ್ತಲಲ್ಲಿ ಮೂರು ಡಬ್ಬಿ ಇದ್ದವು: ಹಸಿ ಕಸ, ಒಣ ಕಸ, ಇನ್ನೊಂದು ಕೆಂಪು ಗುರುತಿನವಕ್ಕೆ. ನಾನು ನೆಟ್ಟಗೆ ಮೂರನೆಯದಕ್ಕೆ ಹೋದೆ. ಗ್ಲೌಸ್ ಹಾಕಿಕೊಂಡು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಯಾವುದು ಬೆಳಗಿನದು, ಯಾವುದು ಮಧ್ಯಾಹ್ನದ್ದು ಗೊತ್ತಾಗುವಂತಿರಲಿಲ್ಲ, ಎಲ್ಲವೂ ಒಂದೇ ಪೇಪರು. ಮೊದಲ ಪೊಟ್ಟಣ ಬಿಚ್ಚಿದೆ, ಇಲ್ಲ. ಮಡಿಕೆಗಳನ್ನೆಲ್ಲ ಬಿಡಿಸಿ ಕೈಯಾಡಿಸಿದೆ, ಇಲ್ಲ. ಎರಡನೆಯದು ಬಿಚ್ಚಿದೆ. ಒಳಗೆ ಮಗುಚಿದ ಗ್ಲೌಸು, ಅದರ ಪಕ್ಕ ಟಿಶ್ಯೂ ಉಂಡೆ. ಉಂಡೆ ಒತ್ತಿದೆ, ಗಟ್ಟಿಯಾಗಿತ್ತು. ಎಳೆ ಗುಲಾಬಿ ವಸಡು, ಅದರ ಮೇಲೆ ಸಾಲಾಗಿ ಹಲ್ಲುಗಳು. ಒಂದೂ ಮುರಿದಿರಲಿಲ್ಲ.

ಅದನ್ನು ಹಿಡಿದುಕೊಂಡು ಅಳುತ್ತಿದ್ದೆ ಅಂತ ಆಮೇಲೆ ಸೊಸೆ ಅಕ್ಕ ಹೇಳಿದರು. ಅವರು ಹಿತ್ತಲ ಬಾಗಿಲಲ್ಲಿ ನಿಂತಿದ್ದನ್ನು ನಾನು ನೋಡಿರಲಿಲ್ಲ. ಬೈಯಲಿಲ್ಲ. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದರು. ಸೋಪು ಹಾಕಿ ಮೆತ್ತನೆ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ, ಕ್ಲೀನಿಂಗ್ ಮಾತ್ರೆ ಹಾಕಿದ ನೀರಲ್ಲಿ ರಾತ್ರಿ ಪೂರ್ತಿ ನೆನೆಸಿ ಅಂದರಂತೆ. ಬಿಸಿನೀರು ಮಾತ್ರ ಬೇಡ, ಆಕಾರ ಕೆಡತ್ತೆ. ನಾನು ಒಲೆ ಮೇಲೆ ಆಗಲೇ ನೀರಿಟ್ಟಿದ್ದೆ. ಓಡಿಹೋಗಿ ಆರಿಸಿದೆ.

ಮಾಸ್ಕ್ ಇಡೀ ಹೊತ್ತು ಜೇಬಲ್ಲೇ ಇತ್ತು. ಅದು ಕೈಗೆ ಸಿಕ್ಕಿದ್ದು ರಾತ್ರಿ ಬಟ್ಟೆ ಬದಲಿಸುವಾಗ.

ರಸ್ಕನ್ನು ಕಾಫಿಯಲ್ಲಿ ಚೆನ್ನಾಗಿ ಅದ್ದಿ ಮೆತ್ತಗೆ ಮಾಡಿ ಅಜ್ಜಿಗೆ ಕೊಟ್ಟೆ. ಮೇಲಿನ ಸೆಟ್ಟೊಂದರಲ್ಲೇ ನಿಧಾನವಾಗಿ ತಿಂದರು.

‘ಸಿಗ್ತಾ?’

‘ಸಿಕ್ತು ಅಜ್ಜಿ. ತೊಳೆದು ನೆನೆ ಹಾಕಿದೀನಿ. ನಾಳೆ ಬೆಳಿಗ್ಗೆ ಹಾಕ್ಕೋಬಹುದು. ತಪ್ಪು ನಂದೇ.’

‘ಎಲ್ಲಿತ್ತು?’

‘ಕಸದಲ್ಲಿ.’

ಅಜ್ಜಿ ರಸ್ಕ್ ನುಂಗಿದರು. ಎಡಗೆನ್ನೆ ನೋಡಲಿ ಅಂತ ತಾವೇ ಬಾಯಿ ತೆರೆದು ತೋರಿಸಿದರು. ಆಮೇಲೆ ಕೇಳಿದರು, ‘ಯಾವ ಕಸ? ಹಸೀದಾ, ಒಣಗಿದ್ದಾ?’

ನಾನು ಸೊಸೆ ಅಕ್ಕನ ಮುಖ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು.

‘ಒಣ ಕಸ ಅಜ್ಜಿ’ ಅಂದೆ.

‘ಹ್ಞೂಂ’ ಅಂದರು. ಬಾಯಿಯ ಬಲತುದಿ ಮಾತ್ರ ಸ್ವಲ್ಪ ಮೇಲೆ ಹೋಯಿತು. ನಗುತ್ತಿದ್ದರೋ ಏನೋ. ಅರ್ಧ ಗಂಟೆ ಕೂರಿಸಿದ ಮೇಲೆ ಅಲಾರಾಂ ಹೊಡೆಯಿತು. ಅಜ್ಜಿ ಬಲಗೈಯನ್ನು ನನ್ನ ಭುಜದ ಮೇಲಿಟ್ಟು, ‘ಬಾ, ಮಲಗಿಸು. ಈ ಸಲ ಯಾವ ಮಗ್ಗುಲು, ಬರೆದುಕೊಂಡಿದ್ದೀಯಾ?’ ಅಂದರು.