ಕಾಲಂ ಹೆಸರು ಒಂದೇ ಇದ್ದರೆ ಡೇಟಾ ಒಂದೇ ಆಗುವುದಿಲ್ಲ

ಜೋಳದ ಬೆಳೆ ಪ್ರಯೋಗಗಳ ಡೇಟಾ ಒಟ್ಟುಗೂಡಿಸುವುದು ನನ್ನ ಕೆಲಸ. ಬೇರೆ ಬೇರೆ ಕೇಂದ್ರಗಳಿಂದ, ಬೇರೆ ಬೇರೆ ವರ್ಷದ ಎಕ್ಸೆಲ್ ಹಾಳೆಗಳು ಬರುತ್ತವೆ. "ಎಲ್ಲಾ ಸೇರಿಸಿ ಒಂದು ಟೇಬಲ್ ಮಾಡಿಕೊಡಿ, ಕಾಲಂ ಹೆಸರು ಹೇಗೂ ಒಂದೇ ಇದೆಯಲ್ಲ" ಅಂತ ಹೇಳಿಬಿಡುತ್ತಾರೆ. ತೊಂದರೆ ಇರುವುದೇ ಅಲ್ಲಿ.

"ಹೂ ಬಿಡಲು ಹಿಡಿದ ದಿನ" ಅನ್ನೋ ಕಾಲಂ ತಗೊಳ್ಳಿ. ಒಂದು ಹಾಳೆಯಲ್ಲಿ 72, ಇನ್ನೊಂದರಲ್ಲಿ 66. ತಳಿ ಒಂದೇ. ವಿಚಾರಿಸಿದರೆ ಒಬ್ಬರು ಬಿತ್ತಿದ ದಿನದಿಂದ ಎಣಿಸಿದ್ದಾರೆ, ಇನ್ನೊಬ್ಬರು ಮೊಳಕೆ ಮೇಲೆ ಬಂದ ದಿನದಿಂದ. ಒಬ್ಬರಿಗೆ ಪ್ಲಾಟಿನ ಅರ್ಧ ಗಿಡ ಹೂ ಬಿಟ್ಟರೆ ಲೆಕ್ಕ, ಇನ್ನೊಬ್ಬರಿಗೆ ಮೊದಲ ತೆನೆಯಲ್ಲಿ ಹೂ ಕಂಡರೆ ಸಾಕು. ಇದನ್ನು ಸುಮ್ನೆ ಕೂಡಿಸಿದರೆ, ಆ ಊರಲ್ಲಿ ಈ ತಳಿ ಬೇಗ ಬರುತ್ತೆ ಅಂತ ಯಾರೋ ವರದಿ ಬರೆದುಬಿಡುತ್ತಾರೆ.

ಇಲ್ಲಿ ಕೈಹಿಡಿಯುವುದು ಕ್ರಾಪ್ ಆಂಟಾಲಜಿ, ಅಂದ್ರೆ ಬೆಳೆಗಳಲ್ಲಿ ಅಳೆಯುವ ಗುಣಗಳಿಗೆ ಎಲ್ಲರೂ ಒಂದೇ ಅರ್ಥದಲ್ಲಿ ಬಳಸಲೆಂದು ಮಾಡಿಟ್ಟ ಪದಪಟ್ಟಿ. ಅದರಲ್ಲಿ ಏನು ಅಳೆದಿರಿ, ಹೇಗೆ ಅಳೆದಿರಿ, ಯಾವ ಮಾನದಲ್ಲಿ ಬರೆದಿರಿ ಅನ್ನೋ ಮೂರೂ ಬೇರೆ ಬೇರೆ. ಮೂರೂ ಸೇರಿದರೆ ಒಂದು ವೇರಿಯಬಲ್, ಅದಕ್ಕೊಂದು ಗುರುತಿನ ಸಂಖ್ಯೆ. ಇಳುವರಿಯದ್ದೂ ಇದೇ ಕಥೆ: ಎಕರೆಗೆ ಕ್ವಿಂಟಾಲ್ ಅಂತ ಬರೆದಿದ್ದರೆ 247ರಿಂದ ಗುಣಿಸಿ ಹೆಕ್ಟೇರಿಗೆ ಕಿಲೋ ಮಾಡಬಹುದು, ಆದರೆ ತುಕ್ಕು ರೋಗಕ್ಕೆ ಒಬ್ಬರು 1ರಿಂದ 5, ಇನ್ನೊಬ್ಬರು 1ರಿಂದ 9 ಅಂಕ ಕೊಟ್ಟಿದ್ದರೆ ಗುಣಾಕಾರ ನಡೆಯಲ್ಲ, ಯಾಕಂದ್ರೆ ಯಾವ ಅಂಕಕ್ಕೆ ಎಷ್ಟು ಎಲೆ ಹಾಳಾಗಿರಬೇಕು ಅನ್ನೋದೇ ಬೇರೆ ಇರುತ್ತೆ.

ಇದೇನು ನಮ್ಮೊಬ್ಬರ ತಲೆನೋವಲ್ಲ. 1998ರಲ್ಲಿ ಹಣ್ಣುನೊಣ, ಯೀಸ್ಟ್, ಇಲಿಗಳ ಜೀನ್ ಡೇಟಾಬೇಸ್ ನಡೆಸುವವರು ಸೇರಿ ಜೀನ್ ಆಂಟಾಲಜಿ, ಅಂದ್ರೆ ಜೀನ್‌ಗಳ ಕೆಲಸ ವಿವರಿಸುವ ಇಂಥದ್ದೇ ಪದಪಟ್ಟಿ, ಶುರು ಮಾಡಿದರು. ಒಂದೇ ಕೆಲಸ ಮಾಡುವ ಜೀನನ್ನು ಒಬ್ಬೊಬ್ಬರು ಒಂದೊಂದು ಥರ ವಿವರಿಸುತ್ತಿದ್ದರೆ ಹೋಲಿಸುವುದು ಹೇಗೆ, ಅಲ್ವಾ?

ಹೊಸಬರು ಬಂದಾಗ ನಾನು ಹೇಳುವುದು ಇಷ್ಟು. ಕಾಲಂ ಹೆಸರು ನೋಡಿ ಅದನ್ನು ಆಂಟಾಲಜಿಯ ಪದಕ್ಕೆ ತಾನೇ ಹೊಂದಿಸುವ ಸಾಫ್ಟ್‌ವೇರ್ ಬಳಸಿ, ಆದರೆ ಅದು ಕೊಟ್ಟದ್ದು ಬರೀ ಸಲಹೆ. ಹೊಲದಲ್ಲಿ ನಿಂತು ಅಳೆದವರಿಗೆ ಒಂದು ಫೋನ್ ಮಾಡಿ. ಪ್ರೊಫೆಸರಿಗಿಂತ ಫೀಲ್ಡ್ ಅಸಿಸ್ಟೆಂಟಿಗೇ ಇದು ಜಾಸ್ತಿ ಗೊತ್ತಿರುತ್ತೆ. ಗಿಡದ ಎತ್ತರ ಅಳೆದದ್ದು ತೆನೆಯ ಬುಡದವರೆಗೋ ತುದಿಯವರೆಗೋ ಅಂತ ಕೇಳಿದರೆ ಅವರು ಥಟ್ಟನೆ ಹೇಳುತ್ತಾರೆ. ಎಲ್ಲಾದರೂ ಸೊನ್ನೆ ಇದ್ದರೆ ಬೆಳೆ ಬರಲಿಲ್ಲವೋ, ಅಳೆಯಲೇ ಇಲ್ಲವೋ, ಅದನ್ನೂ ಕೇಳಿ.

ಅಳೆದ ವಿಧಾನ ಗೊತ್ತಾಗಲೇ ಇಲ್ಲವೇ? ಆಗ "ಹೂ ಬಿಡುವ ಕಾಲ" ಅನ್ನೋ ಮೇಲಿನ ಮಟ್ಟದ ಗುಣಕ್ಕಷ್ಟೇ ಜೋಡಿಸಿ ಬಿಡಿ, ಊಹೆ ಮಾಡಿ ವೇರಿಯಬಲ್ ಸಂಖ್ಯೆ ಹಾಕಬೇಡಿ. ಹುಡುಕಿದವರಿಗೆ ಆ ಡೇಟಾ ಸಿಗುತ್ತೆ, ಸರಾಸರಿಯಲ್ಲಿ ಮಾತ್ರ ಸೇರಲ್ಲ. ಮೂಲ ಕಾಲಂ ಅಳಿಸಬೇಡಿ. ಆಂಟಾಲಜಿಯ ಯಾವ ಆವೃತ್ತಿ ಬಳಸಿದಿರಿ ಅಂತಲೂ ಪಕ್ಕದಲ್ಲೇ ಬರೆದಿಡಿ, ಹಳೆಯ ಪದಗಳನ್ನು ಅದನ್ನು ನಡೆಸುವವರು ಆಗಾಗ ಕೈಬಿಡುತ್ತಾರೆ.