ಯಹೂದಿ ಅಲ್ಲದ ನೀವು ತಾಲ್ಮುಡ್ ಯಾಕೆ ಕಲೀತೀರಿ?

ನೆಂಟರು ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರೂ ಕೇಳುತ್ತಾರೆ. "ನೀವು ಯಹೂದಿ ಅಲ್ಲ. ಮತ ಬದಲಾಯಿಸೋ ಯೋಚನೆಯೂ ಇಲ್ಲ ಅಂತೀರಿ. ಮತ್ಯಾಕೆ ರಾತ್ರಿ ನಿದ್ದೆಗೆಟ್ಟು ಕಂಪ್ಯೂಟರ್ ಮುಂದೆ ಕೂತು ತಾಲ್ಮುಡ್ ಓದ್ತೀರಿ? ಅಂಥದ್ದೇನಿದೆ ಅದರಲ್ಲಿ?"

ಚಿಕ್ಕದಾಗಿ ಹೇಳಬೇಕೆಂದರೆ ಇಷ್ಟೇ. ವಾದದಲ್ಲಿ ಸೋತವರ ಮಾತನ್ನೂ ಗೆದ್ದವರ ಮಾತಿನಷ್ಟೇ ಜೋಪಾನವಾಗಿ ಉಳಿಸಿಟ್ಟ ಇಂಥ ಇನ್ನೊಂದು ಗ್ರಂಥವನ್ನು ನಾನು ಓದಿಲ್ಲ. ಉಳಿದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಯಹೂದಿಗಳ ಮೂಲ ಗ್ರಂಥ ತೋರಾ, ಐದು ಪುಸ್ತಕ. ಅದರ ಜೊತೆಗೆ ಬಾಯಿಂದ ಬಾಯಿಗೆ ಬಂದ ಕಾನೂನು, ಆಚಾರಗಳ ದೊಡ್ಡ ಪಾಠವೊಂದಿತ್ತು. ಕ್ರಿ.ಶ. 200ರ ಸುಮಾರಿಗೆ ರಬ್ಬಿ (ಅಂದರೆ ಯಹೂದಿ ಧರ್ಮಗುರು) ಯೆಹೂದಾ ಹನಾಸಿ ಅದನ್ನು ಒಂದು ಕ್ರಮಕ್ಕೆ ತಂದರು. ಅದೇ ಮಿಶ್ನಾ: 6 ಭಾಗ, 63 ಸಂಪುಟ. ಮಿಶ್ನಾದ ಮಾತು ತುಂಬಾ ಬಿಗಿ, ಸೂತ್ರದ ಹಾಗೆ. ಮುಂದಿನ ಮೂರು-ನಾಲ್ಕು ಶತಮಾನ ವಿದ್ವಾಂಸರು ಅದನ್ನು ಸಾಲು ಸಾಲಾಗಿ ಹಿಡಿದು ವಾದ ಮಾಡಿದರು. ಇವತ್ತಿನ ಇರಾಕಿನಲ್ಲಿದ್ದ ಸೂರಾ, ಪುಂಬೆದಿತಾ ಎಂಬ ಊರುಗಳ ವಿದ್ಯಾಪೀಠಗಳು ಇದಕ್ಕೆ ಹೆಸರಾಗಿದ್ದವು. ಆ ವಾದವೆಲ್ಲ ಸೇರಿ ಗೆಮಾರಾ ಆಯಿತು. ಮಿಶ್ನಾ ಮತ್ತು ಗೆಮಾರಾ ಸೇರಿದರೆ ತಾಲ್ಮುಡ್. ಜೆರುಸಲೇಮಿನ ಹೆಸರಿನ ಇನ್ನೊಂದು ತಾಲ್ಮುಡ್ ಕೂಡ ಇದೆ. ಆದರೆ ಜಾಸ್ತಿ ಜನ ಓದುವುದು ಬ್ಯಾಬಿಲೋನಿನದನ್ನೇ, ಅಂದರೆ ಈ ಇರಾಕಿನ ಕಡೆಯದನ್ನೇ.

ಸುಮ್ಮನೆ ಒಂದು ಪುಟ ತೆರೆದು ನೋಡಿ. ನಡುವೆ ಮಿಶ್ನಾ, ಗೆಮಾರಾ. ಒಂದು ಬದಿಗೆ ರಾಶಿ ಎಂಬ ಹೆಸರಿನ ಫ್ರಾನ್ಸಿನ ವ್ಯಾಖ್ಯಾನಕಾರ (1040–1105). ಇನ್ನೊಂದು ಬದಿಗೆ ಅವರ ಮೊಮ್ಮಕ್ಕಳು ಮತ್ತು ಅವರ ಶಿಷ್ಯರು ಬರೆದ ಟಿಪ್ಪಣಿಗಳು. ಅಜ್ಜ ಹೇಳಿದ್ದನ್ನು ಮೊಮ್ಮಕ್ಕಳು ಅದೇ ಪುಟದ ಆ ಕಡೆಯಿಂದ ಒಪ್ಪುವುದಿಲ್ಲ! ಈ ಏರ್ಪಾಡು ನೆಲೆಗೊಂಡಿದ್ದು 1520ರಿಂದ 1523ರ ನಡುವೆ ವೆನಿಸ್‌ನಲ್ಲಿ, ಡೇನಿಯಲ್ ಬಾಂಬರ್ಗ್ ಎಂಬ ಕ್ರೈಸ್ತ ಮುದ್ರಕನ ಕೈಯಲ್ಲಿ. ಐನೂರು ವರ್ಷ ಆದರೂ ಪುಟದ ಅಂಕಿ ಬದಲಾಗಿಲ್ಲ. ಹಾಗಾಗಿ ಬ್ರೂಕ್ಲಿನ್‌ನಲ್ಲಿ ಕೂತವರೂ ಮೈಸೂರಿನಲ್ಲಿ ಕೂತ ನಾನೂ "59ನೇ ಹಾಳೆಯ ಹಿಂಬದಿ" ಎಂದರೆ ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತೇವೆ.

ಈಗ ಒಳಗೆ ಹೋಗೋಣ. 'ಬಾವಾ ಮೆಟ್ಸಿಯಾ' ಸಂಪುಟದ ಮೊದಲ ಸಾಲಿನಲ್ಲೇ ಇಬ್ಬರು ಒಂದೇ ಹೊದಿಕೆಯನ್ನು ಹಿಡಿದುಕೊಂಡು ನಿಂತಿದ್ದಾರೆ. "ನನಗೆ ಸಿಕ್ಕಿದ್ದು, ಪೂರ್ತಿ ನನ್ನದು" ಎನ್ನುತ್ತಾನೆ ಒಬ್ಬ. ಇನ್ನೊಬ್ಬನೂ ಅದನ್ನೇ ಹೇಳುತ್ತಾನೆ. ಸಾಕ್ಷಿ ಇಲ್ಲ. ಮಿಶ್ನಾದ ತೀರ್ಪು: "ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಡಿಮೆ ಇಲ್ಲ" ಎಂದು ಇಬ್ಬರೂ ಪ್ರಮಾಣ ಮಾಡಲಿ, ಸಮ ಪಾಲು ಹಂಚಿಕೊಳ್ಳಲಿ. ಸರಿ, ಒಬ್ಬ "ಪೂರ್ತಿ ನನ್ನದು", ಇನ್ನೊಬ್ಬ "ಅರ್ಧ ನನ್ನದು" ಎಂದರೆ? ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು.

ನಮ್ಮ ಆನ್‌ಲೈನ್ ತರಗತಿಯಲ್ಲಿ ಒಬ್ಬರು ತಕ್ಷಣ ಕೇಳಿದರು, ಒಬ್ಬ ಒಂದು ಕೇಳುತ್ತಾನೆ, ಇನ್ನೊಬ್ಬ ಅರ್ಧ ಕೇಳುತ್ತಾನೆ, ಹಾಗಾದರೆ ಮೂರು ಪಾಲು ಮಾಡಿ ಇವನಿಗೆ ಎರಡು, ಅವನಿಗೆ ಒಂದು ಕೊಡಬೇಕಲ್ವಾ ಅಂತ. ನಮ್ಮ ಗುರುಗಳು ತಪ್ಪು ಅನ್ನಲಿಲ್ಲ. "ಅವರು ಜಗಳ ಆಡ್ತಿರೋದು ಯಾವ ಅರ್ಧಕ್ಕೆ?" ಎಂದು ಕೇಳಿ ಸುಮ್ಮನಾದರು. ಆಗ ಹೊಳೆಯಿತು. ಎರಡನೆಯವನು ಅರ್ಧವನ್ನು ತಾನಾಗಿ ಬಿಟ್ಟುಕೊಟ್ಟಿದ್ದಾನೆ, ಅದರ ಬಗ್ಗೆ ತಕರಾರೇ ಇಲ್ಲ. ತಕರಾರಿರುವ ಅರ್ಧವನ್ನಷ್ಟೇ ಸಮ ಮಾಡಬೇಕು.

ಗೆಮಾರಾ ಅಲ್ಲಿಗೂ ಬಿಡುವುದಿಲ್ಲ. ಹೇಗಿದ್ದರೂ ಸಮ ಪಾಲು ಅಂದ ಮೇಲೆ ಪ್ರಮಾಣ ಯಾಕೆ? ರಬ್ಬಿ ಯೋಹನಾನ್ ಹೇಳುತ್ತಾರೆ: ಪ್ರಮಾಣ ಇಲ್ಲದಿದ್ದರೆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಇನ್ನೊಬ್ಬರ ಹೊದಿಕೆಗೆ ಕೈ ಹಾಕಿ ನನ್ನದು ಅನ್ನಬಹುದು. ಆಗ ಇನ್ನೊಂದು ಪ್ರಶ್ನೆ. ಬೇರೊಂದು ಮಿಶ್ನಾದಲ್ಲಿ ಇಬ್ಬರು ಒಬ್ಬನ ಹತ್ತಿರ ಹಣ ಇಟ್ಟಿದ್ದಾರೆ, ಒಬ್ಬ ನೂರು, ಒಬ್ಬ ಇನ್ನೂರು. ಈಗ ಇಬ್ಬರೂ ಇನ್ನೂರು ನನ್ನದು ಅನ್ನುತ್ತಾರೆ. ಅಲ್ಲಿ ರಬ್ಬಿ ಯೋಸಿ, ಯಾರಿಗೂ ಒಂದು ಕಾಸೂ ಕೊಡಬೇಡಿ, ಮುಂದೊಂದು ದಿನ ಮರಳಿ ಬರುತ್ತಾನೆಂದು ಯಹೂದಿಗಳು ನಂಬುವ ಪ್ರವಾದಿ ಎಲಿಯಾ ಬಂದು ಸತ್ಯ ಹೇಳುವ ತನಕ ಇರಲಿ, ಇಲ್ಲದಿದ್ದರೆ ಮೋಸಗಾರನಿಗೆ ನಷ್ಟವೇನು ಎನ್ನುತ್ತಾರೆ. ಹೊದಿಕೆಗೂ ಅದೇ ನ್ಯಾಯ ಯಾಕಾಗಬಾರದು? ಗೆಮಾರಾದ ಉತ್ತರ ನನಗೆ ಬಹಳ ಇಷ್ಟ. ಹಣದ ವಿಷಯದಲ್ಲಿ ಒಬ್ಬ ಸುಳ್ಳ ಇದ್ದೇ ಇದ್ದಾನೆ. ಆದರೆ ಹೊದಿಕೆಯನ್ನು ಇಬ್ಬರೂ ಒಟ್ಟಿಗೇ ಎತ್ತಿಕೊಂಡಿರಬಹುದು. ಎದುರು ಬದುರು ನಿಂತ ಇಬ್ಬರಲ್ಲಿ ಒಬ್ಬ ಕಳ್ಳ ಆಗಿರಲೇಬೇಕು ಅಂತೇನಿಲ್ಲ.

ಇಂಥ ಪುಸ್ತಕವನ್ನು ಒಬ್ಬರೇ ಓದುವುದು ಕಷ್ಟ. ನನ್ನ ಪ್ರಕಾರ ಓದಲೂ ಬಾರದು. ಯಹೂದಿಗಳು ಇದನ್ನು ಇಬ್ಬಿಬ್ಬರು ಜೊತೆಯಾಗಿ, ಗಟ್ಟಿಯಾಗಿ ಓದುತ್ತಾ ವಾದ ಮಾಡುತ್ತಾ ಕಲಿಯುತ್ತಾರೆ. ಆ ಜೋಡಿಗೆ ಹವ್ರೂತಾ ಎಂದು ಹೆಸರು. ಆನ್‌ಲೈನ್ ತರಗತಿಯಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ. ಜೆರುಸಲೇಮಿನಲ್ಲಿ ಸಂಜೆ 8 ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ 10:30, ಚಳಿಗಾಲದಲ್ಲಿ 11:30. ಅಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ, ಇಲ್ಲಿ ಇಲ್ಲ. ಪಾಠ ಶುರುವಾಗುವ ಮೊದಲು ಜ಼ೂಮ್‌ನಲ್ಲಿ ನಮ್ಮನ್ನು ಇಬ್ಬಿಬ್ಬರಾಗಿ ಬೇರೆ ಬೇರೆ ಕೋಣೆಗೆ ಕಳಿಸುತ್ತಾರೆ. ನನ್ನ ಜೊತೆಗಾರ್ತಿ ಷಿಕಾಗೋದವರು, ಕೆಲಸದಿಂದ ನಿವೃತ್ತರಾದ ನರ್ಸ್. ಅವರಿಗೆ ಅದು ಮಟಮಟ ಮಧ್ಯಾಹ್ನ. ನಾನು ಏನೇ ಅರ್ಥ ಹೇಳಿದರೂ "ಅದು ಎಲ್ಲಿದೆ, ಸಾಲು ತೋರಿಸಿ" ಎನ್ನುತ್ತಾರೆ. ತೋರಿಸದೆ ಮುಂದಕ್ಕೆ ಬಿಡುವವರಲ್ಲ.

ಜೊತೆಗಾರರ ಬೆಲೆ ಏನೆಂದು ತಾಲ್ಮುಡ್ಡೇ ಒಂದು ಕಥೆಯಲ್ಲಿ ಹೇಳುತ್ತದೆ. ಅದೇ ಸಂಪುಟದ 84ನೇ ಹಾಳೆಯಲ್ಲಿದೆ. ರೇಶ್ ಲಕೀಶ್ ಮೊದಲು ದರೋಡೆಕೋರ. ರಬ್ಬಿ ಯೋಹನಾನ್ ಅವನನ್ನು ಓದಿಗೆ ಎಳೆದುಕೊಂಡು ಬಂದು, ತಂಗಿಯನ್ನು ಮದುವೆ ಮಾಡಿಕೊಟ್ಟು, ದೊಡ್ಡ ವಿದ್ವಾಂಸನನ್ನಾಗಿ ಮಾಡಿದರು. ಒಂದು ದಿನ ಕತ್ತಿ, ಚಾಕುಗಳ ತಯಾರಿಕೆ ಮುಗಿಯಿತು ಅನ್ನುವುದು ಯಾವಾಗ ಎಂಬ ಚರ್ಚೆ ಬಂತು. ಕುಲುಮೆಯಲ್ಲಿ ಕಾಯಿಸಿದಾಗ ಎಂದರು ಯೋಹನಾನ್. ನೀರಿನಲ್ಲಿ ಅದ್ದಿ ಹೊಳಪು ಬಂದಾಗ ಎಂದರು ರೇಶ್ ಲಕೀಶ್. "ದರೋಡೆಕೋರನಿಗೆ ತನ್ನ ಕಸುಬು ಗೊತ್ತಿರುತ್ತೆ" ಎಂದುಬಿಟ್ಟರು ಯೋಹನಾನ್. ಮಾತು ನಾಟಿತು. ಇಬ್ಬರೂ ನೊಂದರು, ರೇಶ್ ಲಕೀಶ್ ಹಾಸಿಗೆ ಹಿಡಿದರು. ತಂಗಿ ಬಂದು ಅತ್ತು ಬೇಡಿಕೊಂಡರೂ ಅಣ್ಣ ಕರಗಲಿಲ್ಲ. ರೇಶ್ ಲಕೀಶ್ ತೀರಿಕೊಂಡರು.

ಆಮೇಲೆ ಯೋಹನಾನ್ ಮಂಕಾಗಿ ಕೂತುಬಿಟ್ಟರು. ಮನಸ್ಸು ಹಗುರವಾಗಲಿ ಎಂದು ಉಳಿದವರು ಎಲಾಜ಼ಾರ್ ಬೆನ್ ಪೆದಾತ್ ಎಂಬ ಚುರುಕಿನ ವಿದ್ವಾಂಸರನ್ನು ಜೊತೆಗೆ ಕಳಿಸಿದರು. ಯೋಹನಾನ್ ಏನೇ ಹೇಳಲಿ, "ನಿಮ್ಮ ಮಾತಿಗೆ ಆಧಾರ ಇದೆ" ಎನ್ನುತ್ತಿದ್ದರು ಅವರು. ಯೋಹನಾನ್ ಸಿಟ್ಟಾದರು. ನಾನು ಒಂದು ಮಾತು ಹೇಳಿದರೆ ಲಕೀಶನ ಮಗ (ಅಂದರೆ ರೇಶ್ ಲಕೀಶ್) 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ಹಾಗೆ ವಿಷಯ ಬೆಳೆಯುತ್ತಿತ್ತು. ನಾನು ಹೇಳಿದ್ದು ಸರಿ ಅಂತ ನನಗೆ ಗೊತ್ತಿಲ್ವಾ, ಅದನ್ನು ನೀನು ಬೇರೆ ಹೇಳಬೇಕಾ ಎಂದರು. ಬಟ್ಟೆ ಹರಿದುಕೊಂಡು, "ಲಕೀಶನ ಮಗನೇ, ಎಲ್ಲಿದ್ದೀಯ?" ಎಂದು ಅಳುತ್ತಾ ಅಲೆದರು. ಬುದ್ಧಿ ಕೆಟ್ಟಿತು. ಕೊನೆಗೆ ವಿದ್ವಾಂಸರೇ ದೇವರಲ್ಲಿ ದಯೆ ಬೇಡಿದರು, ಅವರು ತೀರಿಕೊಂಡರು.

ತಮ್ಮ ಅತಿ ದೊಡ್ಡ ಗುರುಗಳಲ್ಲಿ ಒಬ್ಬರು ಇಷ್ಟು ಕ್ರೂರವಾಗಿ ನಡೆದುಕೊಂಡದ್ದನ್ನು ಈ ಜನ ಮುಚ್ಚಿಡಲಿಲ್ಲ. ಅದನ್ನೂ ಪಾಠ ಮಾಡಿ ಮಕ್ಕಳಿಗೆ ಕಲಿಸಿದರು. ನಾನು ಇದಕ್ಕೇ ಸೋತೆ.

ಎರಡನೇ ಪ್ರಶ್ನೆ ಸಾಮಾನ್ಯವಾಗಿ ಇದರ ಹಿಂದೆಯೇ ಬರುತ್ತದೆ: ಯಹೂದಿ ಅಲ್ಲದವರಿಗೆ ಕಲಿಸ್ತಾರಾ? ಈ ಪ್ರಶ್ನೆಯೂ ತಾಲ್ಮುಡ್‌ನಲ್ಲೇ ಇದೆ. 'ಸನ್ಹೆದ್ರಿನ್' ಸಂಪುಟದ 59ನೇ ಹಾಳೆಯಲ್ಲಿ, ತೋರಾ ಕಲಿಯುವ ಹೊರಗಿನವನು ಮರಣದಂಡನೆಗೆ ಅರ್ಹ ಎಂದು ಇದೇ ಯೋಹನಾನ್ ಹೇಳುತ್ತಾರೆ. ಅಲ್ಲೇ ಕೆಳಗೆ ರಬ್ಬಿ ಮೇಯಿರ್, ಹೊರಗಿನವನಾದರೂ ತೋರಾ ಕಲಿತರೆ ಪ್ರಧಾನ ಪುರೋಹಿತನಿಗೆ ಸಮ ಎನ್ನುತ್ತಾರೆ. ಎಲ್ಲ ಮನುಷ್ಯರಿಗೂ ಸೇರಿದ ಏಳು ನಿಯಮಗಳ ಪಾಠಕ್ಕೆ ಮೇಯಿರ್ ಮಾತು ಅನ್ವಯಿಸುತ್ತದೆ ಎಂದು ಗೆಮಾರಾ ಎರಡನ್ನೂ ಹೊಂದಿಸುತ್ತದೆ. ಇವತ್ತಿಗೂ ಕೆಲವು ಗುರುಗಳು ಕಲಿಸುವುದಿಲ್ಲ, ಅದು ಅವರ ನಂಬಿಕೆ. ಎಷ್ಟೋ ಜನ ಸಂತೋಷದಿಂದ ಕಲಿಸುತ್ತಾರೆ. ಸೇರುವಾಗ ನಾನು ಯಾರು ಎಂದು ಮೊದಲೇ ಹೇಳಿದೆ. ನೀವೂ ಹೇಳಿ. ಅವರ ಮನೆಯ ಗ್ರಂಥ ಅದು. 1242ರಲ್ಲಿ ಪ್ಯಾರಿಸ್‌ನಲ್ಲಿ ಕ್ರೈಸ್ತ ಅಧಿಕಾರಿಗಳು 24 ಗಾಡಿ ತುಂಬ ತಾಲ್ಮುಡ್ ಹಸ್ತಪ್ರತಿಗಳನ್ನು ಸುಟ್ಟರು. 1553ರಲ್ಲಿ ರೋಮ್‌ನಲ್ಲಿ ಮತ್ತೆ ಸುಟ್ಟರು. ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುವ ಹಳೆಯ ಹಸ್ತಪ್ರತಿ ಒಂದೇ ಒಂದು, 1342ರದ್ದು, ಮ್ಯೂನಿಕ್‌ನಲ್ಲಿದೆ. ಇವತ್ತಿಗೂ ಇಂಟರ್‌ನೆಟ್‌ನಲ್ಲಿ ಒಂದೊಂದು ಸಾಲನ್ನು ಕಿತ್ತು ತಂದು ಯಹೂದಿಗಳನ್ನು ಬೈಯಲು ಬಳಸುವವರಿದ್ದಾರೆ. ಅಂಥ ಸಾಲು ಕಂಡರೆ ಪೂರ್ತಿ ಹಾಳೆ ತೆರೆದು ಓದಿ. ಅದಕ್ಕೆ ಎದುರುತ್ತರ ಬಹಳ ಸಲ ಅಲ್ಲೇ ಪಕ್ಕದಲ್ಲಿರುತ್ತದೆ.

ನಮ್ಮ ನಾಡಿಗೂ ಈ ಓದಿಗೂ ಒಂದು ಹಳೆಯ ನಂಟಿದೆ. ಕೈರೋದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲಿ ಸಿಕ್ಕ ಕಾಗದಗಳ ಪ್ರಕಾರ, ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರಲ್ಲಿ ಮಂಗಳೂರಿನಲ್ಲಿದ್ದ. ಆಶು ಎಂಬ ದಾಸಿಯನ್ನು ಅಲ್ಲಿ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮ ಎಂಬುವವನ ಹೆಸರೂ ಇದೆ. ಬೆನ್ ಯಿಜು ಕವಿತೆ ಬರೆಯುತ್ತಿದ್ದ, ಧರ್ಮಶಾಸ್ತ್ರದ ಪ್ರಶ್ನೆಗಳನ್ನೂ ಬಿಡಿಸುತ್ತಿದ್ದ. ಅವನಿಗೆ ಬರೆಯಲು ಕಾಗದ ಯೆಮೆನ್‌ನ ಏಡನ್‌ನಿಂದ ಗೆಳೆಯರು ಕಳಿಸಬೇಕಿತ್ತು.

ತಾಲ್ಮುಡ್ ಜೊತೆಗೆ ನಾನು ಯಹೂದಿ ತತ್ವಶಾಸ್ತ್ರವನ್ನೂ ಓದುತ್ತೇನೆ, ಅದರ ಬಗ್ಗೆ ಕೇಳುವವರು ಕಡಿಮೆ. ಈಗ ಓದುತ್ತಿರುವುದು ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ (1138–1204) ಅವರನ್ನು. ಅವರ ತಮ್ಮ ಡೇವಿಡ್ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆ ದುಃಖಕ್ಕೆ ಇವರು ಒಂದು ವರ್ಷ ಹಾಸಿಗೆ ಹಿಡಿದಿದ್ದರಂತೆ. 1190ರ ಸುಮಾರಿಗೆ ಹೀಬ್ರೂ ಲಿಪಿಯಲ್ಲಿ, ಅರಬ್ಬಿ ಭಾಷೆಯಲ್ಲಿ, ಗೊಂದಲದಲ್ಲಿದ್ದ ಶಿಷ್ಯನೊಬ್ಬನಿಗಾಗಿ ತಮ್ಮ ದೊಡ್ಡ ತತ್ವಗ್ರಂಥ ಬರೆದರು. ದೇವರು ಹೀಗಿದ್ದಾನೆ ಎನ್ನಲು ಬರುವುದಿಲ್ಲ, ಹೀಗಿಲ್ಲ ಎನ್ನಬಹುದು ಅಷ್ಟೆ ಎನ್ನುವುದು ಅದರ ಒಂದು ಮುಖ್ಯ ಮಾತು. ಓದಿದ ಕೂಡಲೇ ನಮಗೆ 'ನೇತಿ ನೇತಿ' ನೆನಪಾಗುತ್ತದೆ. ಆದರೆ ಅವರು ಅಲ್ಲಿಗೆ ಬಂದದ್ದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್, ಮುಸ್ಲಿಂ ತತ್ವಜ್ಞಾನಿ ಅಲ್‌ಫರಾಬಿಯರ ದಾರಿಯಲ್ಲಿ. ಅವರು ಹೊರಗಿಡಲು ಹೊರಟದ್ದು ದೇವರಿಗೆ ಮೈ ಇದೆ ಎಂಬ ಕಲ್ಪನೆಯನ್ನು. ಎರಡೂ ಒಂದೇ ಎಂದು ಬೇಗ ಕೈತೊಳೆದುಕೊಂಡರೆ ಎರಡೂ ಅರ್ಥವಾಗುವುದಿಲ್ಲ.

ಶುರು ಮಾಡಬೇಕು ಅನ್ನುವವರಿಗೆ ನನ್ನ ಸಲಹೆ. ತಾಲ್ಮುಡ್‌ನ ಭಾಷೆಗಳಾದ ಹೀಬ್ರೂ, ಅರಮಾಯಿಕ್ ಬಾರದಿದ್ದರೂ ನಡೆಯುತ್ತದೆ, ಇಂಗ್ಲಿಷ್ ಸಾಕು. ಸೆಫಾರಿಯಾ ಎಂಬ ಜಾಲತಾಣದಲ್ಲಿ 2017ರಿಂದ ಅನುವಾದ ಪುಕ್ಕಟೆ ಸಿಗುತ್ತದೆ, ರಬ್ಬಿ ಸ್ಟೈನ್‌ಸಾಲ್ಟ್ಸ್ ಅವರ ವಿವರಣೆಯೊಂದಿಗೆ. ದಿನಕ್ಕೊಂದು ಹಾಳೆ ಓದುವ 'ದಾಫ್ ಯೋಮಿ' ಎಂಬ ಪದ್ಧತಿ 1923ರಲ್ಲಿ ಶುರುವಾಯಿತು. ಒಟ್ಟು 2711 ಹಾಳೆ, ಏಳೂವರೆ ವರ್ಷ. ಈಗಿನ ಸುತ್ತು ಹದಿನಾಲ್ಕನೆಯದು, 2020ರ ಜನವರಿ 5ಕ್ಕೆ ಆರಂಭವಾದದ್ದು 2027ರ ಜೂನ್‌ನಲ್ಲಿ ಮುಗಿಯುತ್ತದೆ. ಮೊದಲ ಸಲದವರಿಗೆ ಆ ಓಟ ಬೇಡ. ಒಂದು ಹಾಳೆಗೆ ವಾರಗಟ್ಟಲೆ ಕೊಡುವ ನಿಧಾನದ ತರಗತಿ ಹುಡುಕಿ. ಜೊತೆಗಾರರನ್ನು ಕೊಡುವ ತರಗತಿಯೇ ಆಗಲಿ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಅವರಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಆಗ ಗುರುಗಳಿಗೆ ಮೆಸೇಜ್ ಹಾಕಿ ಉತ್ತರಕ್ಕೆ ಕಾಯಬೇಡಿ.

ನಮ್ಮ ತರಗತಿ ಈಗ ಬಾವಾ ಮೆಟ್ಸಿಯಾದ ಎರಡನೇ ಅಧ್ಯಾಯದಲ್ಲಿದೆ. ಒಬ್ಬನ ವಸ್ತು ಕಳೆದುಹೋಗಿದೆ, ಆದರೆ ಕಳೆದದ್ದು ಅವನಿಗೇ ಇನ್ನೂ ಗೊತ್ತಿಲ್ಲ. ಗೊತ್ತಾದರೆ ಆಸೆ ಬಿಟ್ಟೇ ಬಿಡುತ್ತಾನೆ. ಹಾಗಿರುವಾಗ ಸಿಕ್ಕವನು ಅದನ್ನು ಈಗಲೇ ಇಟ್ಟುಕೊಳ್ಳಬಹುದಾ? ಬಹುದು ಎನ್ನುತ್ತಾರೆ ರಾವಾ ಎಂಬ ವಿದ್ವಾಂಸರು. ಕೂಡದು, ಗೊತ್ತಿಲ್ಲದೆ ಆಸೆ ಬಿಡುವುದು ಹೇಗೆ ಎನ್ನುತ್ತಾರೆ ಅವರ ಎದುರಾಳಿ ಅಬಾಯೆ. ಇಬ್ಬರ ವಾದಗಳಲ್ಲಿ ಅಬಾಯೆ ಗೆದ್ದಿರುವುದು ಬರೀ ಆರು, ಅದರಲ್ಲಿ ಇದೂ ಒಂದು. ಷಿಕಾಗೋದವರು ಇನ್ನೂ ರಾವಾ ಕಡೆಗೇ ಇದ್ದಾರೆ. ಮುಂದಿನ ಪಾಠಕ್ಕೆ ಹೊಸ ಆಧಾರ ತರುತ್ತೇನೆ ಅಂದಿದ್ದಾರೆ.